ದಾವಾಗ್ನಿಯೂ ಕರುಣರಸವೂ

ಶೋಕವು ಶ್ಲೋಕವಾಯಿತೆಂಬ ಮಾತನ್ನು ನಮ್ಮಲ್ಲಿ ಕೇಳದವರಿಲ್ಲ. ಆದರೆ ಆ ಪ್ರಸಂಗದಲ್ಲಿ ಆದಿಕವಿಯ ಕಣ್ಣೆದುರಿಗೆ ಬಿಲ್ಲನ್ನು ಹಿಡಿದ ನಿಷಾದನೊಬ್ಬನಿದ್ದನೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಶಪಿಸುವುದಕ್ಕೆ ಒಬ್ಬನು ದೊರೆತುದರಿಂದಲೇ ಅಲ್ಲಿ ಶೋಕಕ್ಕೆ ಮಾತು ಹುಟ್ಟಿತು. ಹಕ್ಕಿಯನ್ನು ಕೊಂದುದು ಬಾಣವಲ್ಲದೆ ಸಿಡಿಲಾಗಿದ್ದರೆ ಮುನಿಯು ಏನು ಮಾಡುತ್ತಿದ್ದನು? ಪ್ರಶ್ನೆ ಹುಡುಗಾಟಿಕೆಯದಾಗಿ ಕಾಣಬಹುದು. ಆದರೆ ಅಮೆರಿಕಾದ ನಾರ್ಮನ್ ಮಕ್ಲೇನ್ ಎಂಬ ವೃದ್ಧ ಪಂಡಿತರು ತಮ್ಮ ಕಡೆಗಾಲದ ಅನೇಕ ವರ್ಷಗಳನ್ನು ಇಂಥದೇ ಪ್ರಶ್ನೆಯೊಂದಕ್ಕೆ ಒಪ್ಪಿಸಿಕೊಟ್ಟರು. ಅದರ ಫಲವೇ ‘ಯಂಗ್ ಮೆನ್ ಅಂಡ್ ಫೈರ್’ ಎಂಬ ಗ್ರಂಥ. ಗ್ರಂಥಕರ್ತರು 1990ರಲ್ಲಿ ಕಾಲವಾದರು. ಅವರು ಪೂರೈಸದೆ ಬಿಟ್ಟುಹೋದ ಹಸ್ತಪ್ರತಿಯನ್ನು ಷಿಕಾಗೋ ವಿಶ್ವವಿದ್ಯಾನಿಲಯದ ಮುದ್ರಣಾಲಯದವರು 1992ರಲ್ಲಿ ಪ್ರಕಟಿಸಿದರು. ಗ್ರಂಥವು ಹೊರಬಿದ್ದು ಮೂರು ದಶಕಗಳು ಕಳೆದಿದ್ದರೂ ನಮ್ಮ ಪತ್ರಿಕೆಗಳಲ್ಲಿ ಇದರ ಪ್ರಸ್ತಾಪ ನಮ್ಮ ಕಣ್ಣಿಗೆ ಬಿದ್ದಿಲ್ಲವಾದುದರಿಂದ ಇಲ್ಲಿ ನಾಲ್ಕು ಮಾತುಗಳನ್ನು ಬರೆಯಬೇಕೆನಿಸಿತು.

ಮೊದಲು ಕಥಾವಸ್ತು. ಮೊಂಟಾನಾ ಸಂಸ್ಥಾನದಲ್ಲಿ ಮಿಸೂರಿ ನದಿಯು ಕಡಿದಾದ ಬಂಡೆಗಳ ನಡುವೆ ಹರಿಯುವ ಸ್ಥಳವೊಂದುಂಟು. ಅಲ್ಲಿಯ ಸರ್ಕಾರಿ ಅರಣ್ಯದಲ್ಲಿ, ಮ್ಯಾನ್ ಗಲ್ಚ್ ಎಂಬ ಒಣ ಕಣಿವೆಯ ದಿಣ್ಣೆಯ ಮೇಲೆ, 1949ನೆಯ ಇಸವಿ ಆಗಸ್ಟ್ 4ನೆಯ ತಾರೀಖು ಸಿಡಿಲು ಬಡಿದು ಕಿಚ್ಚು ಹುಟ್ಟಿತು. ಹತ್ತಿರದಲ್ಲಿ ಊರಿಲ್ಲ, ಹೊಲಗದ್ದೆಗಳಿಲ್ಲ, ರಸ್ತೆಯೂ ಇಲ್ಲ. ಮರುದಿನ ಹೊಗೆ ಕಾಣಿಸಿತು. ಹೆಲೆನಾ ಪಟ್ಟಣದಲ್ಲಿ ಆ ದಿನದ ಶಾಖ 97 ಡಿಗ್ರಿ ಫ್ಯಾರನ್‌ಹೀಟ್. ಇಂತಹ ದುರ್ಗಮ ಪ್ರದೇಶಗಳಿಗಾಗಿಯೇ ಅಮೆರಿಕಾದ ಅರಣ್ಯ ಇಲಾಖೆಯವರು 1940ರಿಂದ ಒಂದು ಪಡೆಯನ್ನು ಸಾಕಿದ್ದರು. ಹೊಗೆ ಕಂಡಲ್ಲಿಗೆ ವಿಮಾನದಲ್ಲಿ ಹೋಗಿ, ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿ, ಕಿಚ್ಚು ಚಿಕ್ಕದಾಗಿರುವಾಗಲೇ ಅದನ್ನು ಕಟ್ಟಿಹಾಕುವುದು ಈ ‘ಸ್ಮೋಕ್‌ಜಂಪರ್’ಗಳ ಕೆಲಸ. ಕಟ್ಟಿಹಾಕುವುದೆಂದರೆ ನೀರು ಸುರಿಯುವುದೆಂದು ವಾಚಕರು ಭಾವಿಸಬಾರದು. ಅಲ್ಲಿ ನೀರೆಲ್ಲಿಂದ ಬರಬೇಕು? ಒಂದು ಬಾಯಿ ಕೊಡಲಿಯಂತೆಯೂ ಇನ್ನೊಂದು ಬಾಯಿ ಗುದ್ದಲಿಯಂತೆಯೂ ಇರುವ ‘ಪುಲಾಸ್ಕಿ’ ಎಂಬ ಆಯುಧದಿಂದ ಹುಲ್ಲು, ಬೇರು, ತರಗೆಲೆಗಳನ್ನೆಲ್ಲ ಕೆತ್ತಿ ಬರಿಯ ಮಣ್ಣು ಕಾಣುವಂತೆ ಕಿಚ್ಚಿನ ಸುತ್ತಲೂ ಒಂದು ಪಟ್ಟೆಯನ್ನು ತೆಗೆಯುವುದು. ನಮ್ಮ ಅರಣ್ಯದವರು ಬೆಂಕಿರೇಖೆ ಎನ್ನುವುದೂ ಇದನ್ನೇ.

ಆಗಸ್ಟ್ 5ರ ಸಾಯಂಕಾಲ ಸುಮಾರು 4 ಘಂಟೆಗೆ 15 ಮಂದಿ ಆ ಕಣಿವೆಗೆ ಧುಮುಕಿದರು. ಬಹುಮಂದಿ ಇಪ್ಪತ್ತರ ಆಸುಪಾಸಿನ ತರುಣರು. ನಾಯಕ ವ್ಯಾಗ್ನರ್ ಡಾಜ್ ಎಂಬುವನಿಗೆ 33 ವರ್ಷ. ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಅವರ ರೇಡಿಯೋ ಬಿದ್ದು ಒಡೆದುಹೋಯಿತು. ಅಷ್ಟುಹೊತ್ತಿಗೆ ಕಿಚ್ಚಿನೊಡನೆ ಒಬ್ಬಂಟಿಗನಾಗಿ ಹೆಣಗುತ್ತಿದ್ದ ಅರಣ್ಯ ಕಾವಲುಗಾರನೊಬ್ಬನೂ ಅವರನ್ನು ಕೂಡಿಕೊಂಡನು. ಬೆಂಕಿಯನ್ನು ಬೆನ್ನಿಗೆ ನದಿಯಿರುವಂತೆ ಎದುರಿಸೋಣವೆಂದು ಕಣಿವೆಯಲ್ಲಿ ಕೆಳಗಿಳಿಯುತ್ತಿರುವಾಗ, ಗಾಳಿಗೆ ಹಾರಿದ ಕೆಂಡಗಳು ಕಣಿವೆಯ ಈಚೆಯ ಮಗ್ಗುಲಲ್ಲಿ ನದಿಗೂ ಅವರಿಗೂ ನಡುವೆ ಬಿದ್ದು, ಒಣಹುಲ್ಲು ಹೊತ್ತಿಕೊಂಡಿತು. ಸುಮಾರು 5 ಘಂಟೆ 45 ನಿಮಿಷಕ್ಕೆ ಅವರು ಹಿಂದಿರುಗಿ ಇಳಿಜಾರನ್ನು ಹತ್ತತೊಡಗಿದರು. ಸತ್ತವನೊಬ್ಬನ ಕೈಗಡಿಯಾರದ ಮುಳ್ಳುಗಳು ನಿಂತುದು 5 ಘಂಟೆ 56 ನಿಮಿಷಕ್ಕೆ. ಹದಿಮೂರು ಮಂದಿ ಮಡಿದರು. ನಾಯಕನೂ, ದಿಣ್ಣೆಯ ಬಂಡೆಗಳ ಸಂದಿನಲ್ಲಿ ನುಸುಳಿಹೋದ ಇಬ್ಬರು ತರುಣರೂ ಮಾತ್ರ ಉಳಿದರು.

ಯಾಸ್ಕರು ನಿರುಕ್ತದಲ್ಲಿ ಅಗ್ನಿಯ ಸ್ವರೂಪವನ್ನು ವಿಚಾರಮಾಡುವಾಗ ಒಂದು ಸೊಗಸಾದ ಭೇದವನ್ನು ಹೇಳಿದ್ದಾರೆ. ಮಿಂಚಿನ ಅಗ್ನಿಗೆ ನೀರೇ ಇಂಧನ, ಗಟ್ಟಿ ಪದಾರ್ಥದಲ್ಲಿ ಅದು ಶಾಂತವಾಗುತ್ತದೆ. ಅದೇ ಭೂಮಿಯ ಅಗ್ನಿಯಾದ ಮೇಲೆ ನೀರಿನಿಂದ ಆರುತ್ತದೆ, ಗಟ್ಟಿ ಪದಾರ್ಥದಲ್ಲಿ ಉರಿಯುತ್ತದೆ. ನಮ್ಮ ಕಡೆಯಲ್ಲಿ ಸಿಡಿಲಿನ ಹಿಂದೆಯೇ ಮಳೆಯೂ ಬರುವುದರಿಂದ ಈ ರೂಪಾಂತರವು ಪೂರ್ಣವಾಗುವುದು ಅಪರೂಪ. ನಮ್ಮ ಕಾಡುಗಿಚ್ಚುಗಳಲ್ಲಿ ಹೆಚ್ಚಿನವು ಮನುಷ್ಯರ ಕೈಯಿಂದ ಹುಟ್ಟಿದವು. ಅಲ್ಲಿ ನಿಷಾದನನ್ನು ಹುಡುಕಿದರೆ ಸಿಕ್ಕಾನು. ಮೊಂಟಾನಾದ ಬೇಸಗೆಯಲ್ಲಿ ಹಾಗಲ್ಲ. ಮೋಡದಿಂದ ಹೊರಟ ಹನಿ ನೆಲವನ್ನು ಮುಟ್ಟುವುದರೊಳಗೆ ಆವಿಯಾಗಿ ಸಿಡಿಲು ಮಾತ್ರ ಕೆಳಗಿಳಿಯುವುದುಂಟು. ಯಾವುದೋ ಒಣಮರದಲ್ಲಿ ರಾತ್ರಿಯೆಲ್ಲ ಕನಲುತ್ತಿದ್ದು, ಮರುದಿನ ಬಿಸಿಲೇರಿದಾಗ ಅದು ಎದ್ದುನಿಲ್ಲುತ್ತದೆ.

ಮಕ್ಲೇನರು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಆಂಗ್ಲಸಾಹಿತ್ಯದ ಅಧ್ಯಾಪಕರಾಗಿದ್ದವರು. ತಾರುಣ್ಯದಲ್ಲಿ ಅರಣ್ಯ ಇಲಾಖೆಯಲ್ಲಿ ದುಡಿದು ಕಾಡುಗಿಚ್ಚಿನ ಬಿಸಿಯನ್ನು ತಾವೂ ಕಂಡಿದ್ದರು. ದುರಂತವಾದ ಕೆಲವೇ ದಿನಗಳಲ್ಲಿ, ಬೊಡ್ಡೆಗಳು ಇನ್ನೂ ಹೊಗೆಯಾಡುತ್ತಿರುವಾಗಲೇ, ಅವರು ಆ ಕಣಿವೆಗೆ ಹೋಗಿದ್ದರು. ಮೈಯೆಲ್ಲ ಬೆಂದ ಜಿಂಕೆಯೊಂದು ನೀರು ಕುಡಿಯುತ್ತಿದ್ದುದನ್ನು ಅವರು ಆ ಸಂದರ್ಭದಲ್ಲಿ ಕಂಡ ಬಗೆಯನ್ನು ಗ್ರಂಥದ ಆರಂಭದಲ್ಲಿಯೇ ಓದುತ್ತೇವೆ. ಅದನ್ನು ಓದಿದವನು ಪುಸ್ತಕವನ್ನು ಬೇಗನೆ ಕೆಳಗಿಡಲಾರನು. ವೃತ್ತಿಯಿಂದ ನಿವೃತ್ತರಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಮತ್ತೆ ಮತ್ತೆ ಆ ಕಣಿವೆಯನ್ನು ಹತ್ತಿದರು. 1978ರಲ್ಲಿ ಬದುಕುಳಿದ ಇಬ್ಬರನ್ನೂ ಅಲ್ಲಿಗೆ ಕರೆದೊಯ್ದು ಯಾರು ಎಲ್ಲಿ ನಿಂತಿದ್ದರೆಂಬುದನ್ನು ಗೊತ್ತುಮಾಡಲೆತ್ನಿಸಿದರು.

ಗ್ರಂಥದ ನಡುಭಾಗವೆಲ್ಲ ಅಳತೆಗಳಿಂದ ತುಂಬಿದೆ. ಹುಲ್ಲೆಷ್ಟು ಒಣಗಿತ್ತು, ಗಾಳಿ ಹೇಗೆ ಸುತ್ತಿತು, ಬೆಂಕಿ ನಿಮಿಷಕ್ಕೆ ಎಷ್ಟು ಅಡಿ ಓಡಿತು, ನೂರಡಿಗೆ ಸುಮಾರು 76 ಅಡಿ ಏರುವ ಇಳಿಜಾರಿನಲ್ಲಿ ಮನುಷ್ಯನು ಎಷ್ಟು ಓಡಿಯಾನು, ಇವೆಲ್ಲವನ್ನೂ ಮಿಸೂಲಾ ನಗರದ ಅಗ್ನಿಸಂಶೋಧನಾಲಯದ ಗಣಿತಜ್ಞರಿಂದ ಕೇಳಿ, ಕಲಿತು, ಎರಡು ರೇಖೆಗಳ ಒಂದು ನಕ್ಷೆಯನ್ನಾಗಿ ಮಾಡಿದ್ದಾರೆ. ಒಂದು ರೇಖೆ ಮನುಷ್ಯರದು, ಇನ್ನೊಂದು ಬೆಂಕಿಯದು. ಅವೆರಡೂ ಒಂದು ಬಿಂದುವಿನಲ್ಲಿ ಕೂಡುತ್ತವೆ. ಈ ಭಾಗವು ಶುಷ್ಕವೆಂದು ಹೇಳುವವರುಂಟು. ನಮಗೆ ಹಾಗೆ ತೋರಲಿಲ್ಲ. ಶ್ರಾದ್ಧವನ್ನು ಮಾಡುವವನು ಎಳ್ಳು, ನೀರು, ದರ್ಭೆ, ನಾಮಗೋತ್ರಗಳ ವಿಷಯದಲ್ಲಿ ತಪ್ಪದೆ ನಡೆದುಕೊಳ್ಳುವುದು ಶುಷ್ಕತೆಯಿಂದಲ್ಲವಷ್ಟೆ. ಶಪಿಸಲು ನಿಷಾದನಿಲ್ಲದ ಶೋಕವು ಇಲ್ಲಿ ಲೆಕ್ಕವಾಗಿ ಪರಿಣಮಿಸಿದೆ. ಗಣಿತವನ್ನರಿಯದ ಸಾಹಿತ್ಯದ ಅಧ್ಯಾಪಕರು ವೃದ್ಧಾಪ್ಯದಲ್ಲಿ ಆ ಲೆಕ್ಕವನ್ನು ಕಲಿತರೆಂಬುದೇ ಅದರ ಬೆಲೆಯನ್ನು ಹೇಳುತ್ತದೆ.

ಎಲ್ಲರಿಗೂ ನಿಷಾದನಿಲ್ಲದೆ ಸಮಾಧಾನವಾಗಲಿಲ್ಲ. ಬೆಂಕಿ ಬೆನ್ನಟ್ಟಿ ಬರುತ್ತಿರುವಾಗ ನಾಯಕ ಡಾಜ್ ಒಂದು ವಿಚಿತ್ರ ಕಾರ್ಯವನ್ನು ಮಾಡಿದನು. ನಿಂತು, ಬೆಂಕಿಕಡ್ಡಿಯನ್ನು ಗೀರಿ, ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಹಚ್ಚಿದನು. ಅದು ಉರಿದು ಮುಂದೆ ಹೋದೊಡನೆ ಹಿಂದೆ ಉಳಿದ ಬಿಸಿಬೂದಿಯೊಳಕ್ಕೆ ಬನ್ನಿರೆಂದು ಎಲ್ಲರನ್ನೂ ಕರೆದನು. ಒಬ್ಬನೂ ಬರಲಿಲ್ಲ. ಅವನು ಬೂದಿಯಲ್ಲಿ ಬೋರಲಾಗಿ ಮಲಗಿದನು. ದೊಡ್ಡ ಬೆಂಕಿ ಸುಡುವುದಕ್ಕೇನೂ ಸಿಕ್ಕದೆ ಅವನನ್ನು ಸುತ್ತಿ ಹಾಯ್ದುಹೋಯಿತು. ಇದು ನಮ್ಮ ಕಾಡುಗಳಲ್ಲಿ ಕಿಚ್ಚನ್ನು ತಡೆಯಲು ಹಚ್ಚುವ ಎದುರುಬೆಂಕಿಯಲ್ಲ. ತಡೆಯುವ ಉದ್ದೇಶವೇ ಅದಕ್ಕಿರಲಿಲ್ಲ. ಬೆಂಕಿಗಿಂತ ಮೊದಲು ತಾನು ಸುಟ್ಟುಕೊಂಡ ಮನೆಯೊಳಗೆ ಕುಳಿತುಕೊಳ್ಳುವ ಉಪಾಯವದು. ಹುಲ್ಲುಗಾವಲಿನ ಮೂಲನಿವಾಸಿಗಳಿಗೆ ಇದು ತಿಳಿದಿತ್ತು. ಫೆನಿಮೋರ್ ಕೂಪರನ 1827ರ ‘ದಿ ಪ್ರೇರಿ’ ಕಾದಂಬರಿಯಲ್ಲಿಯೂ ಇದು ಬರುತ್ತದೆ. ಡಾಜ್ ಮಾತ್ರ ತಾನು ಇದನ್ನು ಮೊದಲು ಕೇಳಿಯೇ ಇರಲಿಲ್ಲವೆಂದನು. ಮಡಿದವರಲ್ಲೊಬ್ಬನ ತಂದೆ, ಅರಣ್ಯ ಇಲಾಖೆಯಲ್ಲಿಯೇ ದುಡಿದವನು, ನಾಯಕನು ಹಚ್ಚಿದ ಬೆಂಕಿಯೇ ಮಕ್ಕಳನ್ನು ಕೊಂದಿತೆಂದು ವಿಚಾರಣಾ ಮಂಡಳಿಯ ಮುಂದೆ ವಾದಿಸಿದನು. ಮಂಡಳಿಯವರು ಒಪ್ಪಲಿಲ್ಲ. ಡಾಜ್ 1955ರಲ್ಲಿ ರೋಗದಿಂದ ತೀರಿಕೊಂಡನು.

ಇಲ್ಲಿ ನಮಗೆ ಖಾಂಡವದಹನವು ನೆನಪಾಗದಿರಲಿಲ್ಲ. ಕೃಷ್ಣಾರ್ಜುನರ ಪರಾಕ್ರಮವನ್ನಲ್ಲ, ಜರಿತೆಯೆಂಬ ತಾಯಿಹಕ್ಕಿಯನ್ನು ನೆನೆದೆವು. ಕಾಡು ಉರಿದು ಬರುತ್ತಿರುವಾಗ ಅವಳು ರೆಕ್ಕೆ ಬಲಿಯದ ನಾಲ್ಕು ಮರಿಗಳಿಗೆ, ಈ ಇಲಿಯ ಬಿಲವನ್ನು ಹೊಗಿರಿ, ಮೇಲೆ ಮಣ್ಣು ಮುಚ್ಚುತ್ತೇನೆ, ಬೆಂಕಿ ಹೋದಮೇಲೆ ತೆಗೆಯುತ್ತೇನೆ ಎನ್ನುತ್ತಾಳೆ. ಮರಿಗಳು ಒಪ್ಪುವುದಿಲ್ಲ. ಬಿಲದಲ್ಲಿ ಇಲಿ ತಿಂದುಹಾಕುವುದು. ಅದಕ್ಕಿಂತ ಬೆಂಕಿಯೇ ಲೇಸು ಎನ್ನುತ್ತವೆ. ತಾಯಿಯ ಉಪಾಯವು ಸರಿಯೋ ತಪ್ಪೋ, ಮರಿಗಳ ಉತ್ತರದಲ್ಲಿ ಅವಿವೇಕವಿಲ್ಲ. ಮ್ಯಾನ್ ಗಲ್ಚಿನ ತರುಣರಲ್ಲಿಯೂ ಇರಲಿಲ್ಲ. ಬೆಂಕಿಯೆಂದರೆ ಶತ್ರುವೆಂದು ಕಲಿತವರ ಎದುರಿಗೆ ನಾಯಕನೇ ಬೆಂಕಿ ಹಚ್ಚಿ ಒಳಗೆ ಬನ್ನಿರೆಂದರೆ ಯಾರು ಹೋದಾರು? ಅದಕ್ಕೂ ಮೇಲಾಗಿ, ಆ ಬೇಸಗೆಯಲ್ಲಿ ಡಾಜ್‌ಗೆ ಬೇರೆ ಕೆಲಸಗಳನ್ನು ವಹಿಸಿದ್ದುದರಿಂದ ಅವನು ಈ ತರುಣರೊಡನೆ ಕೂಡಿ ಅಭ್ಯಾಸಮಾಡಿರಲಿಲ್ಲ. ಅವನ ಮಾತಿನ ರೀತಿ ಅವರಿಗೆ ತಿಳಿಯದು. ಅವರ ಹೆಸರುಗಳೇ ಅವನಿಗೆ ಸರಿಯಾಗಿ ತಿಳಿಯವು. ಬಹುಕಾಲ ಪಾಠ ಹೇಳಿದ ನಮಗೆ ಇದು ಗ್ರಂಥದಲ್ಲೆಲ್ಲ ಕಠಿಣವಾದ ಸಂಗತಿಯಾಗಿ ಕಂಡಿತು. ಪರೀಕ್ಷೆಯ ಘಂಟೆ ಬಾರಿಸಿದ ಮೇಲೆ, ಗುರುತಿಲ್ಲದ ಉಪಾಧ್ಯಾಯನು ಬಾಗಿಲಲ್ಲಿ ನಿಂತು, ಹಿಂದೆ ಕಲಿತುದಕ್ಕೆ ವಿರೋಧವಾದ ಸೂತ್ರವೊಂದನ್ನು ಕೂಗಿ ಹೇಳಿದಂತಾಯಿತು. ಮಹಾಭಾರತದ ಮರಿಗಳು ಸ್ತುತಿಸಿದಾಗ ಅಗ್ನಿಯು ಕೇಳಿದನು. ಮೊಂಟಾನಾದ ಅಗ್ನಿಗೆ ಕಿವಿಯಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಆಕ್ಷೇಪವನ್ನೂ ಹೇಳಬೇಕು. ಈ ಹದಿನೈದು ಮಂದಿ ಅಲ್ಲಿಗೆ ಏಕೆ ಹೋಗಬೇಕಾಯಿತು? ಮಕ್ಲೇನರು ಹುಲ್ಲು ಗಾಳಿಗಳನ್ನು ಬಿಡದೆ ವಿಚಾರಿಸಿದಂತೆ ಈ ಪ್ರಶ್ನೆಯನ್ನು ವಿಚಾರಿಸಿಲ್ಲ. ಮುಟ್ಟಿ ಮುಂದೆ ಹೋಗುತ್ತಾರೆ. 1910ರ ಮಹಾದಾಹದಲ್ಲಿ ಐಡಾಹೋ ಮೊಂಟಾನಾಗಳ ಸುಮಾರು 30 ಲಕ್ಷ ಎಕರೆ ಅರಣ್ಯವು ಎರಡು ದಿನಗಳಲ್ಲಿ ಉರಿದು ಅನೇಕರು ಸತ್ತರು. ಆ ಭಯವನ್ನು ಮರೆಯದ ಅರಣ್ಯ ಇಲಾಖೆಯವರು 1935ರಲ್ಲಿ ಒಂದು ನಿಯಮವನ್ನು ಮಾಡಿದರು: ಯಾವುದೇ ಕಿಚ್ಚು ಕಂಡರೂ ಮರುದಿನ ಬೆಳಿಗ್ಗೆ 10 ಘಂಟೆಯೊಳಗೆ ಅದನ್ನು ಹತೋಟಿಗೆ ತರಬೇಕು. ಊರಿನ ಪಕ್ಕದ ಕಿಚ್ಚಿಗೂ ಮನುಷ್ಯಸಂಚಾರವಿಲ್ಲದ ಕಣಿವೆಯ ಸಿಡಿಲುಗಿಚ್ಚಿಗೂ ಅದೇ ನಿಯಮ. ಆಗಸ್ಟ್ 5ರಂದು ವಿಮಾನವನ್ನು ಹತ್ತಿಸಿದುದು ಈ ನಿಯಮವೇ. ಸಿಡಿಲಿಗೆ ಶಾಪ ತಟ್ಟದು, ಸರಿ. ಆದರೆ ನಿಯಮವನ್ನು ಮನುಷ್ಯರು ಮಾಡಿದುದಲ್ಲವೆ? ಗ್ರಂಥಕರ್ತರು ಬದುಕುಳಿದವರನ್ನು ಕಣಿವೆಗೆ ಕರೆದೊಯ್ದ 1978ರಲ್ಲಿಯೇ ಇಲಾಖೆಯವರು ಆ ನಿಯಮವನ್ನು ಕೈಬಿಟ್ಟರು. ಇಷ್ಟು ಸೂಕ್ಷ್ಮದೃಷ್ಟಿಯುಳ್ಳವರು ಇದನ್ನು ತೂಗಿನೋಡದೆ ಬಿಟ್ಟುದು ನಮಗೆ ಕೊರತೆಯಾಗಿ ಕಂಡಿದೆ.

ಅಮರಸಿಂಹನು ದವ, ದಾವ ಎಂಬ ಶಬ್ದಗಳಿಗೆ ಕಾಡು ಎಂದೂ ಕಾಡುಗಿಚ್ಚು ಎಂದೂ ಎರಡರ್ಥಗಳನ್ನು ಕೊಟ್ಟಿದ್ದಾನೆ. ಬಾಲ್ಯದಲ್ಲಿ ಬಾಯಿಪಾಠ ಮಾಡುವಾಗ ಇದು ಕೋಶಕಾರನ ಮಿತವ್ಯಯವೆಂದುಕೊಂಡಿದ್ದೆವು. ಅಮೆರಿಕಾದ ಲಾಡ್ಜ್‌ಪೋಲ್ ಎಂಬ ಪೈನ್ ಮರದ ಕಾಯಿಗಳಲ್ಲಿ ಅನೇಕವು ಅಂಟಿನಿಂದ ಮುಚ್ಚಿಕೊಂಡಿದ್ದು, ಬೆಂಕಿಯ ಕಾವು ತಾಗಿದಾಗಲೇ ಬಿರಿದು ಬೀಜವನ್ನು ಚೆಲ್ಲುವುವೆಂದು ಓದಿದ ಮೇಲೆ ಕೋಶವು ಬೇರೆಯಾಗಿ ಕಾಣುತ್ತದೆ. ಹಾಗೆಂದು ಸಿಡಿಲುಗಿಚ್ಚನ್ನೆಲ್ಲ ಅದರ ಪಾಡಿಗೆ ಬಿಡುವುದೂ ಸುಲಭವಲ್ಲ. ಯೆಲ್ಲೋಸ್ಟೋನ್ ಉದ್ಯಾನದವರು 1972ರಿಂದ ಕೆಲವನ್ನು ಹಾಗೆ ಬಿಡುತ್ತಿದ್ದರು. 1988ರಲ್ಲಿ ಬರಗಾಲವೂ ಗಾಳಿಯೂ ಕೂಡಿ, ಮನುಷ್ಯರು ಹಚ್ಚಿದ ಕಿಚ್ಚುಗಳೂ ಸೇರಿ, ಸುಮಾರು 8 ಲಕ್ಷ ಎಕರೆಯಷ್ಟು ಪ್ರದೇಶಕ್ಕೆ ಬೆಂಕಿ ವ್ಯಾಪಿಸಿತು. 1994ರ ಜುಲೈನಲ್ಲಿ ಕೊಲರಾಡೋದ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ ಮತ್ತೆ ಒಂದು ಸಿಡಿಲುಗಿಚ್ಚು, ಮತ್ತೆ ಕಡಿದಾದ ಇಳಿಜಾರು, 14 ಮಂದಿಯ ಸಾವು. ಅದರ ವೃತ್ತಾಂತವನ್ನು ಬರೆದವರು ಮಕ್ಲೇನರ ಮಗನೇ.

ಇನ್ನು ಗ್ರಂಥದ ಕಾವ್ಯದೋಷವನ್ನು ಕುರಿತು ಒಂದು ಮಾತು. ರಸವನ್ನು ಅದರ ಹೆಸರಿನಿಂದಲೇ ಕರೆಯುವುದನ್ನು ನಮ್ಮ ಆಲಂಕಾರಿಕರು ಸ್ವಶಬ್ದವಾಚ್ಯತೆಯೆಂಬ ದೋಷವೆಂದಿದ್ದಾರೆ. ಕರುಣ, ಕರುಣ ಎಂದು ಹೇಳಿದರೆ ಕರುಣವು ಹುಟ್ಟುವುದಿಲ್ಲ. ಮಕ್ಲೇನರು ತಮ್ಮ ವೃತ್ತಾಂತವನ್ನು ‘ಟ್ರಾಜೆಡಿ’ ಎಂದು ಎಷ್ಟು ಸಲ ಕರೆದಿದ್ದಾರೆಂದು ಎಣಿಸಲು ಹೊರಟು ನಡುವೆ ಬಿಟ್ಟೆವು. ಕ್ರಿಸ್ತನ ಶಿಲುಬೆಯ ಯಾತ್ರೆಯ ಹೋಲಿಕೆಯೂ ಹಾಗೆಯೇ. ಒಮ್ಮೆ ಬಂದಿದ್ದರೆ ಶೋಭಿಸುತ್ತಿತ್ತು, ಪದೇ ಪದೇ ಬಂದು ಭಾರವಾಯಿತು. ಷೇಕ್ಸ್‌ಪಿಯರನನ್ನು ಬಹುಕಾಲ ಪಾಠ ಹೇಳಿದವರ ಅಭ್ಯಾಸಬಲವಿದ್ದೀತು. ಅಥವಾ ಕರಡನ್ನು ತಿದ್ದಿಮುಗಿಸಲು ಅವರಿಗೆ ಆಯುಷ್ಯವು ಸಾಲದೆ ಹೋಯಿತೆಂದು ಕ್ಷಮಿಸಬಹುದು.

ಗ್ರಂಥದ ಮೂರನೆಯ ಭಾಗವು ಬಹಳ ಚಿಕ್ಕದು. ಅಲ್ಲಿ ಅಳತೆಗಳಿಲ್ಲ, ಮುದುಕನೊಬ್ಬನು ಆ ತರುಣರ ಜೊತೆಯಲ್ಲಿ ಕಡೆಯ ಕೆಲವು ಗಜಗಳನ್ನು ಮನಸ್ಸಿನಲ್ಲಿಯೇ ಹತ್ತುತ್ತಾನೆ. ಗ್ರಂಥಕರ್ತರ ಪತ್ನಿ ದೀರ್ಘರೋಗದಿಂದ 1968ರಲ್ಲಿ ತೀರಿಕೊಂಡಿದ್ದರು. ಆ ಸಂಗತಿಗೆ ಗ್ರಂಥದಲ್ಲಿ ಸ್ಥಳವೇ ಇಲ್ಲವೆಂಬಂತೆ ಮುನ್ನೂರು ಪುಟಗಳು ನಡೆದಿರುತ್ತವೆ. ಕಟ್ಟಕಡೆಯ ವಾಕ್ಯದಲ್ಲಿ ಮಾತ್ರ, ಮರಣದ ಕಡೆಗೆ ಒಬ್ಬಳೇ ಧೈರ್ಯವಾಗಿ ನಡೆದ ಅವಳ ನೆನಪು ತಮಗೆ ಆಗಾಗ ಬರುತ್ತಿತ್ತೆಂದು ಹೇಳಿ ಲೇಖನಿಯನ್ನು ಕೆಳಗಿಟ್ಟಿದ್ದಾರೆ. ಆ ವಾಕ್ಯದಲ್ಲಿಯೂ ಅವರು ‘ಟ್ರಾಜೆಡಿ’ ಎಂಬ ಶಬ್ದವನ್ನು ಬಿಟ್ಟಿಲ್ಲ. ನಾವು ಓದುವಾಗ ಅದನ್ನು ಗಮನಿಸಲಿಲ್ಲ. ಈ ಲೇಖನಕ್ಕಾಗಿ ಎರಡನೆಯ ಸಲ ತೆರೆದಾಗ ಕಣ್ಣಿಗೆ ಬಿತ್ತು.