ಕೌದಿಯ ಬೆನ್ನು

ಡಿಸೆಂಬರ್ ಕೊನೆಗೆ ನವಿ ಮುಂಬಯಿಯ ಘಣಸೋಲಿಗೆ ಚಳಿ ಬರುತ್ತದೆ ಎಂದು ಇಲ್ಲಿನವರು ಹೇಳುವುದುಂಟು. ಬಯಲುಸೀಮೆಯವಳಾದ ನನಗೆ ಅದು ಚಳಿಯೇ ಅಲ್ಲ. ಬೆಳಗಿನ ಜಾವ ಖಾರಿಯ ಕಡೆಯಿಂದ ಎರಡು ತಾಸು ತಣ್ಣನೆ ಗಾಳಿ ಬೀಸುತ್ತದೆ, ಎಂಟು ಗಂಟೆಗೆಲ್ಲ ಫ್ಯಾನು ತಿರುಗಲೇಬೇಕು. ಆದರೂ ಆ ನೆಪಕ್ಕೆ ವರ್ಷಕ್ಕೊಮ್ಮೆ ಮನೆಮನೆಯ ದಿವಾನಿನ ಹೊಟ್ಟೆ ತೆರೆಯುತ್ತದೆ, ಹೊದಿಕೆಗಳು ಬಿಸಿಲು ಕಾಣುತ್ತವೆ. ನಮ್ಮ ಕಟ್ಟಡದಿಂದ ಸಿಂಪ್ಲೆಕ್ಸ್ ವಸಾಹತಿನ ಕಡೆಗೆ ನಡೆದರೆ ಗ್ಯಾಲರಿಯ ಕಂಬಿಗಳ ಮೇಲೆಲ್ಲ ಸಾಲಾಗಿ ಗೋಧಡಿಗಳು. ಅಲ್ಲಿ ಮಾಥಾಡಿ ಕಾರ್ಮಿಕರ ಮನೆಗಳು ಬಹಳ. ವಾಶಿಯ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಹೆಚ್ಚಿನವರ ಊರು ಸಾತಾರಾ ಕಡೆ. ಊರಿನಿಂದ ಬರುವಾಗ ಅವರು ಗೋಧಡಿ ತಂದರು, ನಾವು ಕೌದಿ ತಂದೆವು. ಕಂಬಿಯ ಮೇಲೆ ಅಕ್ಕಪಕ್ಕ ಹಾಕಿದರೆ ಯಾವುದು ಕೃಷ್ಣೆಯ ಮೇಲಿನದು, ಯಾವುದು ಕೆಳಗಿನದು ಎಂದು ಹೇಳುವುದು ಕಷ್ಟ.

ನನ್ನ ಕೌದಿ ಗುಳೇದಗುಡ್ಡದ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದ್ದು. ಹೊಲಿದವಳು ಅಜ್ಜಿ. ಬಿಡಿಸಿ ಹಾಸಿದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣಗಳ ಸಂತೆ. ಚಂದ್ರಕಾಳಿ ಸೀರೆಯ ಕರಿ ತುಂಡು, ಅದರ ಅಂಚಿಗೆ ಅಂಟಿಕೊಂಡೇ ಉಳಿದ ಕೆಂಪು ದಡಿ. ಅಜ್ಜನ ಧೋತರ, ಮೂಲದಲ್ಲಿ ಬಿಳಿ, ಈಗ ಮಜ್ಜಿಗೆಯ ಬಣ್ಣ. ಯಾರದೋ ಶಾಲೆಯ ಖಾಕಿ ಚಡ್ಡಿಯ ಹಿಂಭಾಗ, ಕಿಸೆ ಬಿಚ್ಚಿದ ಜಾಗದಲ್ಲಿ ಚೌಕಾಕಾರದ ದಟ್ಟ ನೆರಳು. ಕುಬಸ ಹೊಲಿದು ಉಳಿದ ಖಣದ ಚೂರುಗಳು ನಾಲ್ಕು ಮೂಲೆಗೆ. ಮನೆಗೆ ಬಂದವರೆಲ್ಲ ಇದನ್ನೇ ನೋಡಿ ‘ಎಷ್ಟು ಚೆಂದ’ ಎನ್ನುತ್ತಾರೆ, ಫೋಟೋ ತೆಗೆಯುತ್ತಾರೆ.

ನಾನು ಒಂದು ಮಾತೂ ಆಡದೆ ಕೌದಿಯನ್ನು ಮಗುಚಿ ಹಾಕುತ್ತೇನೆ.

ಬೆನ್ನಿನ ಕಡೆ ತೇಪೆಗಳಿಲ್ಲ. ಒಂದೇ ಹಳೆಯ ಇಳಕಲ್ ಸೀರೆ, ಅದರ ಮೇಲೆ ಬರೀ ಹೊಲಿಗೆ. ಬಣ್ಣದ ಗದ್ದಲವೆಲ್ಲ ಅಡಗಿ ಕೈ ಮಾತ್ರ ಉಳಿದಿರುತ್ತದೆ. ಅಂಚಿನಿಂದ ಹೊರಟ ಸಾಲು ನಾಲ್ಕೂ ಮೂಲೆ ತಿರುಗಿ, ಒಂದು ಸುತ್ತು ಒಳಗೆ ಸರಿದು, ಮತ್ತೆ ತಿರುಗಿ, ನಡುವಿನವರೆಗೆ ಹೋಗಿ ನಿಂತಿದೆ. ದಾವಣಿ ಕಟ್ಟಿದ ಎತ್ತು ಕಣ ತುಳಿದ ಹಾಗೆ. ಒಮ್ಮೆ ಮಗಳ ಸ್ಕೇಲು ತಂದು ಅಳೆದೆ. ಸಾಲಿಗೂ ಸಾಲಿಗೂ ನಡುವೆ ಒಂದೂವರೆ ಸೆಂಟಿಮೀಟರ್. ಒಂದು ಹೊಲಿಗೆ, ಅದರ ಪಕ್ಕದ ಖಾಲಿ, ಎರಡೂ ಸೇರಿ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ಕೌದಿಯ ಉದ್ದ 2 ಮೀಟರ್, ಅಗಲ 1.2. ಲೆಕ್ಕ ಹಾಕಿದರೆ ಹೊಲಿಗೆಯ ದಾರಿ 160 ಮೀಟರ್, ನಮ್ಮ ಲೋಕಲ್ ಗಾಡಿಯ ಏಳು ಡಬ್ಬಿಗಿಂತ ತುಸು ಉದ್ದ. 16 ಸಾವಿರ ಸಲ ಸೂಜಿ ಕೆಳಗಿಳಿದು ಮೇಲೆದ್ದಿದೆ.

ಆದರೆ ಲೆಕ್ಕಕ್ಕಿಂತ ದೊಡ್ಡ ಸುಖ ಬೆರಳಿನಿಂದ ಓದುವುದರಲ್ಲಿದೆ. ಅಂಚಿನ ಮೊದಲ ಮೂರು ಸುತ್ತು ಅಕ್ಕಿ ಕಾಳು ಸಾಲಾಗಿ ಇಟ್ಟಂತಿವೆ, ಬಿಗಿ, ಒಂದೇ ಅಳತೆ. ನಾಲ್ಕನೆಯ ಸುತ್ತಿನಲ್ಲಿ ಬಿಳಿ ದಾರ ಮುಗಿದಿದೆ, ಹಸಿರು ಶುರುವಾಗಿದೆ. ಹಸಿರು ಮುಗಿಯುವ ಹೊತ್ತಿಗೆ ಹೊಲಿಗೆ ಉದ್ದವಾಗಿವೆ. ಬೆಳಕು ಇಳಿದಿತ್ತೋ, ಒಲೆಯ ಮೇಲೆ ಹಾಲಿತ್ತೋ. ಎಡ ಮೂಲೆಯ ಹತ್ತಿರ ಒಂದು ಗೇಣು ಜಾಗದಲ್ಲಿ ಸಾಲು ಹಾವಿನಂತೆ ಹೊರಳಿದೆ. ಅದು ಅಜ್ಜಿಯದಲ್ಲ, ಆಗ ಎಂಟು ವರ್ಷದವಳಾಗಿದ್ದ ನನ್ನ ಅವ್ವನದು. ‘ಬಿಚ್ಚಿ ಸರಿ ಮಾಡಬಹುದಿತ್ತಲ್ಲ’ ಎಂದು ನಾನು ಕೇಳಿದ್ದಕ್ಕೆ ಅವ್ವ, ‘ಹೊದ್ದುಕೊಂಡು ಮಲಗುವವರಿಗೆ ಸೊಟ್ಟ ಕಾಣ್ತದೇನು’ ಎಂದಿದ್ದಳು. ಮುಖ ತೋರಿಸುವುದು ಮನೆಯ ಬಟ್ಟೆಗಳನ್ನು. ಹೊಲಿದವಳು ಸಿಗಬೇಕಾದರೆ ಬೆನ್ನಿಗೇ ಬರಬೇಕು.

ಹೊಲಿಯುವ ಕ್ರಮವನ್ನು ಒಂದಿಷ್ಟು ಹೇಳಬೇಕು, ಇಲ್ಲವಾದರೆ ಬೆನ್ನಿನ ಸೊಗಸು ತಿಳಿಯುವುದಿಲ್ಲ. ಹದಿನೆಂಟು ಮೊಳದ ಸೀರೆಯನ್ನು ನಾಲ್ಕು ಮಡಿಕೆ ಮಾಡಿದರೆ ಎರಡು ಮೀಟರ್, ಒಬ್ಬ ಆಳು ಕಾಲು ಚಾಚುವಷ್ಟು. ಸೀರೆಯ ಪನ್ನವೇ ಕೌದಿಯ ಅಗಲ. ಹೀಗೆ ಅಳತೆಪಟ್ಟಿ ಇಲ್ಲದೆ ಅಳತೆ ಆಯಿತು. ಅಂಗಳದಲ್ಲಿ ಅದನ್ನು ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಸುಕ್ಕು ತೀಡಿ, ಮೇಲೆ ತುಂಡುಗಳನ್ನು ಹರಡುತ್ತಾರೆ. ತೂತಾದ ಕಡೆ ಎರಡು ಪದರ, ಸವೆದ ಕಡೆ ಮೂರು. ಹೊಲಿಯುವವಳು ಕೌದಿಯ ಮೇಲೇ ಕೂರುತ್ತಾಳೆ. ಅವಳ ಮೈಭಾರವೇ ಬಟ್ಟೆ ಜಾರದಂತೆ ಹಿಡಿಯುತ್ತದೆ. ಉದ್ದ ಸೂಜಿ, ಹುರಿ ಹಾಕಿದ ದಾರ, ಒಂದು ಬೀಸಿಗೆ ನಾಲ್ಕೈದು ಹೊಲಿಗೆ ಸೂಜಿಯ ಮೇಲೆ ಏರಿಸಿ ಒಮ್ಮೆಲೇ ಎಳೆಯುವುದು. ಆ ಎಳೆಯುವಿಕೆಯಲ್ಲೇ ಎಲ್ಲವೂ ಇದೆ. ಬಿಗಿಯಾದರೆ ಬಟ್ಟೆ ನಿರಿಗೆಗಟ್ಟುತ್ತದೆ, ಸಡಿಲಾದರೆ ಮಲಗಿದವರ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಹದವಾಗಿ ಎಳೆದಾಗ ಸಾಲಿನ ಎರಡೂ ಬದಿ ಬಟ್ಟೆ ಸಣ್ಣಗೆ ಉಬ್ಬಿ ನಿಲ್ಲುತ್ತದೆ, ರಂಟೆ ಹೊಡೆದ ಹೊಲದ ಹಾಗೆ. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಆ ಏರಿಳಿತ ಕೈಗೆ ಹತ್ತುತ್ತದೆ.

ಸುಗ್ಗಿ ಮುಗಿದ ಮೇಲೆ ಇದೆಲ್ಲ. ಮನೆಯ ಹೆಂಗಸರೇ ಹೊಲಿಯುತ್ತಿದ್ದರು. ಕೈ ಸಾಲದ ಮನೆಗಳಿಗೆ ಗೊಂದಲಿಗರ ಹೆಂಗಸರು ಬರುತ್ತಿದ್ದರು. ಗಂಡಸರು ಸಂಬಾಳ ಬಾರಿಸುತ್ತ ರಾತ್ರಿಯಿಡೀ ಅಂಬಾಭವಾನಿಯ ಗೊಂದಲ ಹಾಕುವವರು. ಹೆಂಗಸರು ಹಗಲಿಡೀ ಓಣಿಯಲ್ಲಿ ಕೂತು ಕೌದಿ ಹೊಲಿಯುವವರು. ಕೂಲಿ ಜೋಳದಲ್ಲಿ. ನಮ್ಮ ಮನೆಯಲ್ಲಿ ಕೊನೆಯ ಸುತ್ತು ಮುಚ್ಚುವ ಮುಂಚೆ ನಡುವೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವ ರೂಢಿಯಿತ್ತು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಮೇಲೆ ಸಿಂಪ್ಲೆಕ್ಸಿನ ಮಾತು ಬಂತಲ್ಲ, ಅಲ್ಲಿಯ ಒಬ್ಬ ಅಜ್ಜಿಗೆ ಇದನ್ನು ಹೇಳಿದೆ. ಅವಳು ನಕ್ಕು, ‘ನಮ್ಮಲ್ಲಿಯೂ ಭಾಕರಿಯೇ’ ಅಂದಳು. ಗಡಿ ಗುರುತಿಸಿದವರು ಇದನ್ನು ಕೇಳಬೇಕಿತ್ತು.

ಹಳೆಯ ಬಟ್ಟೆಯೇ ಯಾಕೆ? ಬಡತನ ಎಂಬ ಉತ್ತರ ನಿಜ, ಆದರೆ ಅರ್ಧ ಮಾತ್ರ. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿಯ ಬಿರುಸು ಇರುತ್ತದೆ. ಇಪ್ಪತ್ತು ವರ್ಷ ಒಗೆದ ಧೋತರದಲ್ಲಿ ನೂಲು ತನ್ನ ಹಟ ಬಿಟ್ಟಿರುತ್ತದೆ. ಸೂಜಿ ಅದರಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ, ಬಟ್ಟೆ ಬೆವರು ಹೀರುತ್ತದೆ, ಹಸುಗೂಸಿನ ಚರ್ಮಕ್ಕೆ ತಾಗುವುದಿಲ್ಲ. ಬಂಗಾಳದವರು ಕಾಂಥಾ ಹೊಲಿಯುವುದೂ ಇದೇ ಹಳೆಯ ಸೀರೆಗಳಿಂದ. ಹಿಂದೆ ಸೀರೆಯ ಅಂಚಿನಿಂದಲೇ ಬಣ್ಣದ ದಾರ ಬಿಡಿಸಿಕೊಳ್ಳುತ್ತಿದ್ದರು. ಆ ಕಾಂಥಾ ಎಂಬ ಹೆಸರೇ ನಮ್ಮಲ್ಲಿ ಕಂತೆಯಾಗಿ ಇದೆ. ಕಂತೆಗೆ ತಕ್ಕ ಬೊಂತೆ ಎಂದು ಬಯ್ಯುವಾಗ ಬಾಯಲ್ಲಿ ಎರಡೆರಡು ಕೌದಿ ಆಡುತ್ತಿರುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಹನ್ನೆರಡನೆಯ ಶತಮಾನದ ವಚನಕಾರ್ತಿ ಬೊಂತಾದೇವಿ ಕಾಶ್ಮೀರದ ಅರಸುಮಗಳು, ಉಟ್ಟದ್ದನ್ನೆಲ್ಲ ಬಿಟ್ಟು ಹೊರಟವಳಿಗೆ ಶಿವನೇ ಬೊಂತೆ ಕೊಟ್ಟ ಎಂಬುದು ಐತಿಹ್ಯ. ಪೀತಾಂಬರ ಕೊಡಬಹುದಾಗಿದ್ದ ದೇವರು ತೇಪೆಯ ಹೊದಿಕೆ ಕೊಟ್ಟ. ಶಿವನಿಗೆ ಬಟ್ಟೆಯ ರುಚಿ ಗೊತ್ತಿತ್ತು ಎನ್ನುತ್ತೇನೆ ನಾನು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕವದಿಯ ಠೀವಿಯೇ ಬೇರೆ. ನಮ್ಮ ಬಯಲುಸೀಮೆಯ ಕೌದಿ ಹಣೆಗೆ ವಿಭೂತಿ ಬಳಿದುಕೊಂಡ ಹಿರಿಯರಂತೆ ಶಿಸ್ತಿನದು. ಅವರದು ಡಮಾಮಿ ಬಾರಿಸಿದಂತೆ. ಕೆಂಪಿನ ಪಕ್ಕ ಹಳದಿ, ಅದರ ಪಕ್ಕ ನೀಲಿ, ಅಳುಕೇ ಇಲ್ಲ. ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಮಡಚಿ ‘ಫೂಲ’ ಎಂಬ ಹೂ ಇಡುತ್ತಾರೆ. ಹೂವಿಲ್ಲದ ಕವದಿ ಅವರ ಕಣ್ಣಿಗೆ ಬತ್ತಲೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ಕಲಾ ಇತಿಹಾಸಕಾರರು ಇವುಗಳ ಬೆನ್ನು ಹತ್ತಿ ಬಂದು, 2004ರಲ್ಲಿ ಸಿದ್ದಿ ಮಹಿಳೆಯರ ಕವದಿ ಸಹಕಾರ ಗುಂಪೊಂದು ಕಟ್ಟಲು ನೆರವಾದರು. ಮೂಲತಃ ಆಫ್ರಿಕಾದಿಂದ ಬಂದವರ ಮಕ್ಕಳು ಕನ್ನಡನಾಡಿನ ಹಳೆಯ ಸೀರೆಗಳಲ್ಲಿ ತಮ್ಮ ತಾಳ ಹೊಲಿದದ್ದನ್ನು ನಾವು ನೋಡಿದ್ದು ತಡವಾಗಿ.

ಅಮೆರಿಕದ್ದೇ ಇನ್ನೊಂದು ಕಥೆ. ಅಲಬಾಮ ನದಿಯ ತಿರುವಿನಲ್ಲಿ ಜೀಸ್ ಬೆಂಡ್ ಎಂಬ ಕಪ್ಪು ಜನರ ಕುಗ್ರಾಮ. ಅಲ್ಲಿನ ಹೆಂಗಸರು ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಮ್ಮಿನ ಗೋಡೆ ಏರಿದವು, ಅಲ್ಲಿಂದ ನ್ಯೂಯಾರ್ಕಿನ ವಿಟ್ನಿಗೆ ಹೋದವು, 2006ರಲ್ಲಿ ಅಂಚೆಚೀಟಿಯಾದವು. ಚಿತ್ರಗಳನ್ನು ನೋಡಿದಾಗ ರೋಮಾಂಚನವಾಯಿತು. ಮೊಣಕಾಲು ತೇದು ಬಿಳುಪಾದ ಜೀನ್ಸಿನ ಗುರುತು ಹಾಗೇ ಇದೆ, ನಮ್ಮ ಖಾಕಿ ಚಡ್ಡಿಯ ಕಿಸೆಯ ಹಾಗೆ. ಒಂದೇ ತಕರಾರು: ಗೋಡೆಗೆ ತೂಗಿದ ಮೇಲೆ ಬೆನ್ನು ಗೋಡೆಯ ಪಾಲು.

ತಕರಾರಿನ ಮಾತು ಬಂದದ್ದಕ್ಕೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮಾಲುಗಳಲ್ಲಿ ಈಗ ಕೌದಿಯಂಥ ಮೇಲುಹಾಸು ಸಿಗುತ್ತವೆ. ಹೊಸ ಬಟ್ಟೆಯನ್ನು ತಂದು, ತುಂಡು ಮಾಡಿ, ಮತ್ತೆ ಮಷಿನ್ನಿನಲ್ಲಿ ಜೋಡಿಸಿದ್ದು. ಹರಿಯದ್ದನ್ನು ಹರಿದು ತೇಪೆ ಹಾಕುವುದು! ಬೆನ್ನು ತಿರುವಿ ನೋಡಿ, ಒಂದೇ ಅಳತೆಯ ಹೊಲಿಗೆ ಈ ತುದಿಯಿಂದ ಆ ತುದಿಗೆ. ಎಲ್ಲೂ ದಾರ ಮುಗಿದಿಲ್ಲ, ಎಲ್ಲೂ ಹಾಲು ಉಕ್ಕಿಲ್ಲ.

ಹಾಗಂತ ನನ್ನ ಕೈಯೇನೂ ಪಳಗಿದ್ದಲ್ಲ. ಮೂರು ವರ್ಷದ ಹಿಂದೆ ಘಣಸೋಲಿ ಗಾವಿನ ಓಣಿಯ ದರ್ಜಿಗಳಿಂದ ಒಂದು ಚೀಲ ಚಿಂದಿ ತಂದು ಶುರು ಮಾಡಿದೆ. ಮುಕ್ಕಾಲು ಪಾಲು ಪಾಲಿಯೆಸ್ಟರ್. ಸೂಜಿಯಡಿ ಜಾರುತ್ತದೆ, ಅಂಚು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಲೆಗ್ಗಿಂಗಿನ ತುಂಡಂತೂ ಎಳೆದಷ್ಟೂ ಹಿಗ್ಗಿ ಆಮೇಲೆ ಮುದುಡಿ ಕೂರುತ್ತದೆ. ಹತ್ತಿಯ ಜತೆ ಸೇರಿಸಿ ಹೊಲಿದೆ. ಮೊದಲ ಒಗೆತಕ್ಕೆ ಹತ್ತಿ ಕುಗ್ಗಿತು, ಪಾಲಿಯೆಸ್ಟರ್ ಕುಗ್ಗಲಿಲ್ಲ. ಕೌದಿ ಹಪ್ಪಳದಂತೆ ಉಬ್ಬಿತು. ಈಗ ಅದು ಕಾಲೊರಸು. ಅಲ್ಲಿಂದ ಮುಂದೆ ಸಣ್ಣ ಸಾಮಾನುಗಳಿಗೆ ಇಳಿದೆ: ಕುಕ್ಕರ್ ಇಡಲು ಸಿಂಬೆ, ಬಿಸಿ ಪಾತ್ರೆ ಹಿಡಿಯಲು ಅಂಗೈಯಗಲದ ದಿಂಬು, ನೆಂಟರ ಕೂಸಿಗೆ ಖಣದ ಕುಂಚಿಗೆ. ಇವುಗಳಲ್ಲಿ ನನಗೆ ಬಹಳ ಪ್ರೀತಿ ಎಲೆಯಡಿಕೆಯ ಸಂಚಿ. ಅಜ್ಜಿಯ ಸಂಚಿಯನ್ನೇ ಮುಂದಿಟ್ಟುಕೊಂಡು ಹೊಲಿದೆ. ಹೊರಗಿನಿಂದ ಅಂಗೈಯುದ್ದದ ಸಾದಾ ಚೀಲ. ದಾರ ಸಡಿಲಿಸಿದರೆ ಒಳಗೆ ಒಂದರೊಳಗೊಂದು ಕಿಸೆ. ಎಲೆಗೆ ಅಗಲದ್ದು, ಅಡಿಕೆಗೆ ಆಳದ್ದು, ಸುಣ್ಣದ ಡಬ್ಬಿಗೆ ಮೂಲೆಯದು. ಪ್ರತಿ ಕಿಸೆಗೂ ಬೇರೆ ತುಂಡು ಬಟ್ಟೆ, ಹೀಗಾಗಿ ಕತ್ತಲಲ್ಲೂ ಬೆರಳಿಗೆ ಯಾವ ಕಿಸೆ ಎಂದು ಗೊತ್ತು. ನನ್ನ ಸಂಚಿಯಲ್ಲಿ ಎಲೆಯ ಜಾಗದಲ್ಲಿ ಲೋಕಲ್ ಗಾಡಿಯ ಪಾಸು ಇದೆ, ಸುಣ್ಣದ ಜಾಗದಲ್ಲಿ ಇಯರ್‌ಫೋನು. ಅಳತೆ ಒಂದಿಷ್ಟೂ ಬದಲಿಸಬೇಕಾಗಲಿಲ್ಲ.

ಕೌದಿಗೆ ಬೇಕಾದ ನಿಜವಾದ ಹಳೆ ಹತ್ತಿ ಎಲ್ಲಿ ಹೋಗುತ್ತದೆ ಎಂದು ನನಗೆ ಗೊತ್ತು. ನಾನೇ ಕಳಿಸಿದ್ದೇನೆ. ಮಧ್ಯಾಹ್ನದ ಹೊತ್ತು ತಲೆಯ ಮೇಲೆ ಸ್ಟೀಲು ಪಾತ್ರೆಯ ಬುಟ್ಟಿ ಹೊತ್ತು ಬೋಹಾರಿಣ್ ಬರುತ್ತಾಳೆ. ಹಳೆ ಬಟ್ಟೆಗೆ ಪಾತ್ರೆ. ಎರಡು ತಾಸು ಚೌಕಾಸಿ ಮಾಡಿ, ಅವ್ವನ ಎರಡು ಇಳಕಲ್ ಸೀರೆ ಮತ್ತು ಅಪ್ಪನ ಧೋತರಗಳನ್ನು ಕೊಟ್ಟು ಮುಚ್ಚಳವಿರುವ ಒಂದು ಡಬ್ಬಿ ಇಸಿದುಕೊಂಡು ಗೆದ್ದೆ ಎಂದು ಬೀಗಿದ್ದೆ. ಡಬ್ಬಿಯಲ್ಲಿ ಈಗ ರವೆ ಇದೆ. ಮುಚ್ಚಳ ಸರಿಯಾಗಿ ಕೂರುವುದಿಲ್ಲ.

ಈ ಸಲ ಸಿಂಪ್ಲೆಕ್ಸಿನ ಅಜ್ಜಿಯೂ ನಾನೂ ಸೇರಿ ಹೊಸದೊಂದು ಹಾಸಿದ್ದೇವೆ. ಅವಳ ನೌವಾರಿ ಸೀರೆ ಕೆಳಗೆ, ನಮ್ಮ ಮನೆಯ ತುಂಡುಗಳು ಮೇಲೆ. ಅಂಗಳವಿಲ್ಲ, ಹಾಲಿನ ಸೋಫಾ ಗೋಡೆಗೆ ಸರಿಸಿದ್ದೇವೆ. ಕಲ್ಲಿನ ಬದಲು ನಾಲ್ಕು ಮೂಲೆಗೆ ಗೋಧಿ ಹಿಟ್ಟಿನ ಪ್ಯಾಕೆಟ್ಟು. ಬೆನ್ನಿನ ಮೇಲೆ ಎರಡು ಕೈಗಳ ಹೊಲಿಗೆ ಬೇರೆಬೇರೆಯಾಗಿ ಕಾಣುತ್ತವೆ, ಅವಳದು ಚಿಕ್ಕದು, ನನ್ನದು ದೊಡ್ಡದು. ನಡುವೆ ಒಂದು ಮೊಳದಷ್ಟು ಜಾಗ ಇನ್ನೂ ಬಾಕಿಯಿದೆ, ರೊಟ್ಟಿಯ ಚೂರಿಗೆ ಕಾದಿದೆ, ಮೇಲೆ ಹೊದಿಸಲು ಮೆತ್ತನೆಯ ಹತ್ತಿ ಸಿಗುತ್ತಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಧೋತರವಿದ್ದರೆ, ಬೋಹಾರಿಣ್‌ಗೆ ಕೊಡುವ ಮೊದಲು ನನಗೊಂದು ಮಾತು ಹೇಳಿ.