ಹೈದರನ ವರಹದಲ್ಲಿ ಶಿವಪಾರ್ವತಿ

ನಾಣ್ಯ ಕಂಡ ಕೂಡಲೇ ಚಿತ್ರ ನೋಡಿ ತೀರ್ಪು ಕೊಡುವ ಚಟ ನಮ್ಮ ಹವ್ಯಾಸಿಗಳಲ್ಲಿ ತುಂಬಾ ಜನಕ್ಕಿದೆ. ನನಗೂ ಇತ್ತು. ಎಲ್ಲೂರಿನಲ್ಲಿ ನಮ್ಮ ಸಂಬಂಧಿಕರ ಮನೆಯ ದೇವರ ಕೋಣೆಯಲ್ಲಿ ಒಂದು ಚಿನ್ನದ ವರಹ ಇದೆ. ದೀಪಾವಳಿ ಪೂಜೆಗೆ ಮಾತ್ರ ಡಬ್ಬಿಯಿಂದ ಹೊರಗೆ ಬರುತ್ತದೆ. ತ್ರಿಶೂಲ, ಜಿಂಕೆ ಹಿಡಿದ ಶಿವ, ಪಕ್ಕದಲ್ಲಿ ಪಾರ್ವತಿ. "ಇದು ಇಕ್ಕೇರಿ ವರಹ ಅಜ್ಜ, ಕೆಳದಿಯವರದ್ದು" ಅಂತ ಹೇಳಿ ಚೀಟಿಯನ್ನೂ ಬರೆದು ಡಬ್ಬಿಗೆ ಹಾಕಿದ್ದೆ. ಹಿಂಬದಿ ಸರಿಯಾಗಿ ನೋಡಿರಲೇ ಇಲ್ಲ! ಮುಂದಿನ ವರ್ಷ ಭೂತಗನ್ನಡಿ ಹಿಡಿದು ತಿರುಗಿಸಿದರೆ, ಸಣ್ಣ ಚುಕ್ಕೆಗಳ ನಡುವೆ ಪಾರ್ಸಿ ಲಿಪಿಯ ಒಂದೇ ಅಕ್ಷರ, 'ಹೇ'. ಹೈದರನ ಹೆಸರಿನ ಮೊದಲಕ್ಷರ.

ಹೈದರಾಲಿ 1763ರಲ್ಲಿ ಬಿದನೂರು ಗೆದ್ದ, ಚಿತ್ರವನ್ನು ಹಾಗೇ ಉಳಿಸಿಕೊಂಡ. ಇದಕ್ಕೆ ಕೆಲವರು ಔದಾರ್ಯ ಅನ್ನುತ್ತಾರೆ, ಕೆಲವರು ತಂತ್ರ ಅನ್ನುತ್ತಾರೆ. ನನ್ನ ತಕರಾರು ಇಬ್ಬರ ಮೇಲೂ ಇದೆ. ಟಂಕಿಸಿದವನ ಭಕ್ತಿಯನ್ನು ಚಿತ್ರದಲ್ಲೇ ಓದಬಹುದು ಎಂದು ಇಬ್ಬರೂ ಒಪ್ಪಿಕೊಂಡೇ ಜಗಳಕ್ಕೆ ಕೂತಿರುತ್ತಾರೆ. ಉಮಾಮಹೇಶ್ವರರು ವಿಜಯನಗರದ ಎರಡನೇ ಹರಿಹರನ ಕಾಲದಲ್ಲೇ ನಾಣ್ಯಕ್ಕೆ ಬಂದವರು. ಕೆಳದಿಯವರು ಅದೇ ಜೋಡಿಯನ್ನು ಇಟ್ಟುಕೊಂಡು ಹಿಂಬದಿಯಲ್ಲಿ ನಾಗರಿಯಲ್ಲಿ 'ಶ್ರೀ ಸದಾಶಿವ' ಎಂದು ಬರೆಸಿದರು. ಹೈದರನ ಹೊತ್ತಿಗೆ ಆ ಚಿತ್ರ ಪೇಟೆಯಲ್ಲಿ ತಲೆಮಾರುಗಳಿಂದ ಓಡಾಡಿದ ಗುರುತು. ಸುಮಾರು ಮೂರೂವರೆ ಗ್ರಾಂನ ಆ ಚಿನ್ನವನ್ನು ಸೆಟ್ಟರು ಚಿತ್ರ ನೋಡಿಯೇ ಗುರುತಿಸಿ ತೆಗೆದುಕೊಳ್ಳುತ್ತಿದ್ದರು ಅಂತ ನನ್ನ ಊಹೆ. ಆಳುವವನು ಯಾರು ಎಂಬುದು ಅಕ್ಷರದ ಬದಿಯ ವಿಷಯ. ಟಿಪ್ಪು ತನ್ನ ವರಹದಿಂದ ದೇವರನ್ನು ತೆಗೆದ, 'ಹೇ' ಮಾತ್ರ ಬಿಡಲಿಲ್ಲ.

ಗ್ರೀಕರಲ್ಲೂ ಇದೇ ಪಜೀತಿ. ಅಲೆಗ್ಸಾಂಡರನ ಕಂಚಿನ ನಾಣ್ಯದಲ್ಲಿ ಸಿಂಹದ ಚರ್ಮ ಹೊದ್ದ ಹೆರಾಕ್ಲಿಸ್ ಇದ್ದಾನೆ. ಅದನ್ನು ಅಲೆಗ್ಸಾಂಡರನದ್ದೇ ಮುಖ ಅಂತ ಸಲೀಸಾಗಿ ಹೇಳುವವರು ಒಮ್ಮೆ ತಿರುಗಿಸಬೇಕು. ಹಿಂದೆ ಇರುವುದು ಗದೆ ಮತ್ತು ಬಿಲ್ಲು, ಹೆರಾಕ್ಲಿಸ್‌ನ ಆಯುಧಗಳು.

ಹಾಗಂತ ಚಿತ್ರಕ್ಕೆ ಅರ್ಥವೇ ಇಲ್ಲ ಅನ್ನುವುದೂ ತಪ್ಪು. ಕೃಷ್ಣದೇವರಾಯನ ವರಹದ ಬಾಲಕೃಷ್ಣನನ್ನೇ ನೋಡಿ. ಉದಯಗಿರಿಯಿಂದ ಬಾಲಕೃಷ್ಣನ ವಿಗ್ರಹ ತಂದು ಹಂಪಿಯಲ್ಲಿ ಪ್ರತಿಷ್ಠಾಪಿಸಿದ್ದನ್ನು ಅಲ್ಲಿನ ಕೃಷ್ಣ ದೇವಾಲಯದ ಶಾಸನ ಹೇಳುತ್ತದೆ. ಅಲ್ಲಿ ಚಿತ್ರದ ಪಕ್ಕದಲ್ಲಿ ಇಡಲು ಕಲ್ಲಿನ ಮಾತಿದೆ. ನನ್ನ ಚೀಟಿಯ ಹಿಂದೆ ಅಂಥದ್ದೇನೂ ಇರಲಿಲ್ಲ.

ತಪ್ಪಾಯಿತು ಅಂತ ಅಜ್ಜನಿಗೆ ಹೇಳಿದೆ. "ಶಿವ ಶಿವನೇ ಅಲ್ವಾ ಮಾರಾಯ" ಅಂದರು. ಹಳೇ ಚೀಟಿ ತೆಗೆದು, ಎರಡೂ ಬದಿಯ ವಿವರ ಬರೆದ ಹೊಸದನ್ನು ಇಟ್ಟು ಬಂದಿದ್ದೇನೆ.