ಅಮರರ ನೆರೆಹೊರೆ

ರಾಜ್ಯರಾಜ್ಯಗಳ ನಡುವಣ ಹಗೆಗೆ ಹೆಣ್ಣು, ಹೊನ್ನು, ಮಣ್ಣು ಕಾರಣವೆಂಬುದು ನಮ್ಮ ಕಾವ್ಯಗಳ ಓದುಗರಿಗೆ ಹೊಸದಲ್ಲ. ಜೆ. ಆರ್. ಆರ್. ಟೋಲ್ಕಿನ್ನರು ಕಲ್ಪಿಸಿದ ಲೋಕದಲ್ಲಿ ಮನುಷ್ಯರ ಅರಸರಿಗೂ ಎಲ್ಫ್ ಜನಕ್ಕೂ ಬೆಳೆದ ವೈಮನಸ್ಯಕ್ಕೆ ಈ ಮೂರೂ ಕಾರಣವಲ್ಲ, ಸಾವು ಕಾರಣ.

ಎಲ್ಫ್ ಎಂಬುದನ್ನು ಯಕ್ಷ ಅಥವಾ ಕಿನ್ನರ ಎಂದುಬಿಡಬಹುದು. ಆದರೆ ಒಡನೆಯೇ ಕುಬೇರನ ಪರಿವಾರ ಕಣ್ಮುಂದೆ ಬರುವುದರಿಂದ ಮೂಲದ ಹೆಸರನ್ನೇ ಉಳಿಸಿಕೊಂಡಿದ್ದೇನೆ. ಇವರು ಆಯುಧಕ್ಕೆ ಸಿಕ್ಕರೆ ಸಾಯಬಲ್ಲರು, ಮುಪ್ಪಿನಿಂದ ಸಾಯುವವರಲ್ಲ. ಮನುಷ್ಯನಿಗಾದರೋ ಮರಣ ತಪ್ಪದು. ಆದರೆ ಅದು ಶಾಪವಲ್ಲ, ಸೃಷ್ಟಿಕರ್ತನಿತ್ತ ವರ ಎನ್ನುತ್ತದೆ ಟೋಲ್ಕಿನ್ನರ ಪುರಾಣ. ಅದನ್ನು ವರವೆಂದು ನಂಬಲಾರದೆ ಕೆಟ್ಟವರೇ ಅವರ ಅರಸರು.

ಲೇಖಕರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1977ರಲ್ಲಿ, ಮಗ ಕ್ರಿಸ್ಟೊಫರ್ ಸಂಪಾದಿಸಿ ಪ್ರಕಟಿಸಿದ 'ದಿ ಸಿಲ್ಮರಿಲಿಯನ್'ನಲ್ಲಿ ಈ ಕಥೆ ವಿಸ್ತಾರವಾಗಿ ಬರುತ್ತದೆ. ಎಲ್ರಾಂಡ್, ಎಲ್ರಾಸ್ ಎಂಬ ಸಹೋದರರಲ್ಲಿ ಎರಡು ಕುಲಗಳ ರಕ್ತವೂ ಇದೆ. ಯಾವ ಕುಲ ಬೇಕೆಂಬ ಆಯ್ಕೆ ಅವರದೇ. ಎಲ್ರಾಂಡ್ ಎಲ್ಫರೊಡನೆ ಉಳಿದ. ಎಲ್ರಾಸ್ ಮನುಷ್ಯನಾಗಿ, ನೂಮೆನೋರ್ ದ್ವೀಪದ ಮೊದಲ ದೊರೆಯಾಗಿ, 500 ವರ್ಷ ಬಾಳಿ ಸತ್ತ. ಅವನ ಸಂತತಿಗೆ ಆಯುಸ್ಸು ದೊರೆತಷ್ಟೂ ಅತೃಪ್ತಿ ಹೆಚ್ಚಿತು.

ಭಾಷೆಯ ಮೇಷ್ಟರಾದ ನನ್ನ ಮನಸ್ಸನ್ನು ಸೆಳೆದದ್ದು ಇಲ್ಲಿಯ ಒಂದು ಸಣ್ಣ ಸಂಗತಿ. ಮೊದಲ ಅರಸರ ಹೆಸರಿನ ಹಿಂದೆ ಎಲ್ಫ್ ನುಡಿಯ 'ಟಾರ್' ಎಂಬ ಬಿರುದು ಇರುತ್ತದೆ. ಅಸೂಯೆ ಬಲಿತ ಮೇಲೆ ಅದು ಹೋಗಿ ತಮ್ಮದೇ ನುಡಿಯ 'ಆರ್' ಬರುತ್ತದೆ; ಎಲ್ಫ್ ನುಡಿಗೇ ನಿಷೇಧ ಬೀಳುತ್ತದೆ. ಕೊನೆಯ ದೊರೆ ಆರ್-ಫರಜೋನ್ ಅಮರರ ನಾಡಿನ ಮೇಲೆ ನೌಕಾಸೈನ್ಯ ಸಮೇತ ದಂಡೆತ್ತಿ ಹೋದ, ದ್ವೀಪವೇ ಮುಳುಗಿತು. ಹಡಗುಗಳು ಹೊರಡುವ ಎಷ್ಟೋ ಮೊದಲೇ ಹಗೆ ಹೆಸರುಗಳಲ್ಲಿ ಕಾಣಿಸಿಕೊಂಡಿತ್ತು.

1954-55ರಲ್ಲಿ ಮೂರು ಸಂಪುಟಗಳಲ್ಲಿ ಬಂದ 'ದಿ ಲಾರ್ಡ್ ಆಫ್ ದ ರಿಂಗ್ಸ್'ನ ಕಾಲಕ್ಕೆ ಹಗೆಯೂ ಆರಿ, ಬರಿಯ ಅಪರಿಚಯ ಉಳಿದಿದೆ. ಗಾಂಡೋರಿನ ಬೋರೋಮೀರ್ ಎಲ್ಫರ ಕಾಡನ್ನು ಹೊಗಲು ಅಳುಕುತ್ತಾನೆ. ರೋಹಾನಿನ ಸವಾರರಿಗೆ ಆ ಕಾಡಿನ ರಾಣಿ ಮಾಟಗಾತಿ. ಸಾಮಾನ್ಯರ ಕೊಡುಕೊಳೆ ಕಾಣಬೇಕಾದರೆ 1937ರ ಮಕ್ಕಳ ಪುಸ್ತಕ 'ದಿ ಹಾಬಿಟ್'ಗೇ ಹೋಗಬೇಕು. ಅಲ್ಲಿ ಎಲ್ಫ್ ರಾಜನ ಖಾಲಿ ಪೀಪಾಯಿಗಳು ಹೊಳೆಯಲ್ಲಿ ತೇಲುತ್ತ ಮನುಷ್ಯರ ಪಟ್ಟಣ ಸೇರುತ್ತವೆ. ದೊಡ್ಡ ಗ್ರಂಥದ ಗಾಂಭೀರ್ಯದಲ್ಲಿ ಈ ಪೀಪಾಯಿಗಳಿಗೆ ಎಡೆಯಿಲ್ಲದೆ ಹೋದದ್ದು ನಷ್ಟವೆಂದೇ ನನ್ನ ಭಾವನೆ.

ಎರಡು ಕುಲಗಳು ಮತ್ತೆ ಕೂಡುವುದು ಮದುವೆಯಲ್ಲಿ. ಎಲ್ರಾಸನ ವಂಶದ ಆರಗಾರ್ನನನ್ನು ಎಲ್ರಾಂಡನ ಮಗಳು ಆರ್ವೆನ್ ವರಿಸಿ, ಅಮರತ್ವವನ್ನು ಬಿಡುತ್ತಾಳೆ. ನಮ್ಮ ಊರ್ವಶಿ ಋಗ್ವೇದದಲ್ಲಿ ಪುರೂರವನನ್ನು ತೊರೆಯುತ್ತಾಳೆ. ಕಾಳಿದಾಸನಲ್ಲಿ ಇಂದ್ರನ ಅನುಗ್ರಹದಿಂದ ಅವನ ಜೀವಿತಾವಧಿಯವರೆಗೆ ಜೊತೆಗಿರುತ್ತಾಳೆ. ಎಲ್ಲಿಯೂ ಅವಳು ಸಾಯಬೇಕಾಗಿಲ್ಲ. ಆರ್ವೆನ್ ಸಾಯಬೇಕು. 120 ವರ್ಷ ಆಳಿದ ಆರಗಾರ್ನ್ ಸ್ವೇಚ್ಛೆಯಿಂದ ಪ್ರಾಣ ಬಿಡಲು ಸಿದ್ಧನಾದಾಗ, ಇನ್ನೂ ಸ್ವಲ್ಪ ಕಾಲ ಇರೆಂದು ಅವಳು ಬೇಡುತ್ತಾಳೆ. ನೂಮೆನೋರಿನವರನ್ನು ದುಷ್ಟರೆಂದು, ಮೂಢರೆಂದು ಇದುವರೆಗೆ ಹಳಿದಿದ್ದವಳಿಗೆ ಆಗ ಅವರ ಮೇಲೆ ಕನಿಕರ ಹುಟ್ಟುತ್ತದೆ. ಎಲ್ಫರ ಕಡೆಯಿಂದ ಆ ಮುಳುಗಿದ ರಾಜ್ಯವನ್ನು ಅರ್ಥಮಾಡಿಕೊಂಡ ಮಾತು ಇದು.

ಇಂಥ ಪ್ರಸಂಗವನ್ನು ಟೋಲ್ಕಿನ್ನರು ಇಟ್ಟದ್ದು ಮೂರನೆಯ ಸಂಪುಟದ ಅನುಬಂಧದಲ್ಲಿ, ವಂಶಾವಳಿ ಪಂಚಾಂಗಗಳ ಜೊತೆಗೆ! ಕಥೆ ಹಾಬಿಟ್ಟರನ್ನು ಕೇಂದ್ರವಾಗಿಟ್ಟುಕೊಂಡಿರುವುದರಿಂದ ಒಳಗೆ ಸೇರಿಸಲಾಗಲಿಲ್ಲವೆಂದು ಅವರು ಪತ್ರವೊಂದರಲ್ಲಿ ಸಮಾಧಾನ ಹೇಳಿದ್ದಾರೆ. ಆ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಗ್ರಂಥದೊಳಗೆ ಮದುವೆಯ ಸಂಭ್ರಮವಿದೆ, ಅದಕ್ಕೆ ತೆತ್ತ ಬೆಲೆಯ ಸುಳಿವು ಮಾತ್ರ ಇದೆ. ಅನುಬಂಧವಲ್ಲವೇ ಎಂದು ಆ ಪುಟಗಳನ್ನು ಬಿಟ್ಟ ಓದುಗರಿಗೆ, ಎಲ್ಫರೆಲ್ಲ ಹೊರಟುಹೋದ ಕಾಡಿನಲ್ಲಿ ಆರ್ವೆನ್ ಒಬ್ಬಳೇ ಮಲಗಿ ಪ್ರಾಣಬಿಟ್ಟದ್ದು ತಿಳಿಯುವುದೇ ಇಲ್ಲ.